ಮೇ ತಿಂಗಳವರೆಗೆ ತಾಳು, ಡೆಲ್

ಹಲೋ... ಹಾಂ, ವರ್ನಾನೇ ಮಾತಾಡ್ತಿರೋದು. ಯಾರಪ್ಪಾ?... ಗಾಳಿ ಸದ್ದು ಜಾಸ್ತಿ, ಸ್ವಲ್ಪ ಜೋರಾಗಿ ಹೇಳು...

ಓ, ಡೆಲ್! ಏನಯ್ಯಾ, ಬೇಸ್‌ಬಾಲ್ ತಂಡದ ಮ್ಯಾನೇಜರ್ ಆದ್ಮೇಲೂ ನಮ್ಮಂಥೋರಿಗೆ ಫೋನ್ ಮಾಡ್ತೀಯಾ? ಆಫೀಸಿನ ಹುಡುಗಿ ರಜಾನಾ?...

ಹಾಸಿಗೇನಾ? ಯಾರಿಗೆ?... ಫ್ಲೋರಿಡಾದಿಂದ ಹೊಸ ಆಟಗಾರ, ಸಂಜೆ ಬಸ್ಸಿಗೆ. ಬರ್ಲಿ ಪಾಪ. ನಿಮ್ಮ ಆಟಗಾರರನ್ನ ಮನೇಲಿ ಇಟ್ಕೊಂಡು ಅನ್ನ ಹಾಕೋದು ನಮ್ಮೂರಿಗೆ ಹೊಸದಾ? ಆದ್ರೆ ನನ್ನ ಹತ್ರ ಇರೋದು ಒಂದೇ ಕೋಣೆ ಕಣೋ. ಅದ್ರಲ್ಲಿ ನಿಮ್ಮ ಆಟಗಾರ ಕ್ಲೇಟನ್ ಇದ್ದಾನೆ. ಪಕ್ಕದ ಬೀದಿ ಮಾವಿಸ್‌ನ ಕೇಳಿ ನೋಡು...

ಮಾವಿಸ್ ಮನೆ ಬೇಡ್ವಾ? ಯಾಕೆ?...

ಡೆಲ್... ಆ ಕೋಣೇನೇ ಬೇಕು ಅಂತಿದ್ದೀಯಾ?...

ಅಯ್ಯೋ. ಕ್ಲೇಟನ್‌ನ ತಂಡದಿಂದ ತೆಗೆದುಬಿಟ್ರಾ?... ಬೇರೆ ತಂಡಕ್ಕೂ ಅಲ್ವಾ? ಸೀದಾ ಮನೇಗೇ?...

ಸೀಸನ್ ಶುರುವಾಗಿ ಇನ್ನೂ ತಿಂಗಳಾಗಿಲ್ಲ! ಹಾಂ, ಹೊಡೀತಿಲ್ಲ, ಒಪ್ಕೊಂಡೆ. ನಾನೂ ಕಂಬಳಿ ಹೊದ್ಕೊಂಡು ಕೂತು ನೋಡ್ತೀನಲ್ಲ, ಚೆಂಡು ದಾಟಿ ಹೋದ್ಮೇಲೆ ಬ್ಯಾಟ್ ಬೀಸ್ತಾನೆ. ಹೋದ ವರ್ಷಾನೂ ಏಪ್ರಿಲ್‌ನಲ್ಲಿ ಹಿಂಗೇ ಇದ್ದ ಅಲ್ವಾ? ಜೂನ್ ಬರೋ ಹೊತ್ತಿಗೆ ಊರೆಲ್ಲ ಅವನ ಹೆಸರು ಕೂಗ್ತಿರ್ಲಿಲ್ವಾ? ಜಾರ್ಜಿಯಾ ಬಿಸಿಲಲ್ಲಿ ಬೆಳೆದ ಹುಡುಗ ಕಣೋ. ಈ ಐಯೊವಾ ಚಳೀಲಿ ಬ್ಯಾಟಿಗೆ ಚೆಂಡು ತಗುಲಿದ್ರೆ ಕೈ ಜುಮ್ ಅಂತದಂತೆ. ಕೆಲವರಿಗೆ ಹದ ಬರೋಕೆ ಟೈಮ್ ಬೇಕಪ್ಪಾ...

ಮೇಲಿನೋರು, ಮೇಲಿನೋರು! ಅವರು ಕಾಯಲ್ಲ ಅಂದ್ರೆ ನೀನೊಂದು ಮಾತು ಹೇಳಕ್ಕಾಗ್ತಿರ್ಲಿಲ್ವಾ?... ಹೇಳ್ದೆಯಾ? ಎಷ್ಟು ಸಲ?...

ಒಂದೇ ಸಲ...

ಅದೇ ಮಂಚದ ಮೇಲೆ ನೀನೂ ಆಟಗಾರನಾಗಿ ಬಂದು ಮಲಗಿದ್ದವನು, ಡೆಲ್. ಹಂಗಿಸ್ತಿಲ್ಲ ಕಣೋ. ನೀನು ಬಂದ ವರ್ಷ ಏಪ್ರಿಲ್‌ನಲ್ಲಿ ಒಂದು ಚೆಂಡೂ ತಗುಲದೆ ನೀನು ಊಟ ಬಿಟ್ಟು ಕೂತಿದ್ದೆ. ಆಗ ನಮ್ಮೆಜಮಾನ್ರು ಬದುಕಿದ್ರು. ಹಳೇ ಮ್ಯಾನೇಜರ್ ಮನೆ ಬಾಗಿಲಿಗೇ ಹೋಗಿ, ಮೇ ತಿಂಗಳವರೆಗೆ ತಾಳಿ ಅಂತ ಕೇಳ್ಕೊಂಡ್ರು. ಆ ಮನುಷ್ಯ ತಾಳಿದ. ಅದಕ್ಕೇ ಇವತ್ತು ನೀನು ಆ ಕುರ್ಚೀಲಿ ಕೂತಿದ್ದೀಯಾ...

ಗೊತ್ತು, ಎಲ್ಲಾ ನಿನ್ನ ಕೈಲಿಲ್ಲ. ಆದ್ರೂ ಇನ್ನೊಂದು ಸಲ ಕೇಳ್ಬಹುದಿತ್ತು...

ಅವನಾ? ಬೆಳಿಗ್ಗೇನೇ ಎದ್ದು ಹಿತ್ತಲಲ್ಲಿ ಬಲೆ ಕಟ್ಕೊಂಡು ಚೆಂಡು ಹೊಡೀತಿದ್ದಾನೆ. ಕಾಫೀನೂ ಕುಡಿದಿಲ್ಲ. ನೀನು ಹೇಳಿದ್ಮೇಲೂ ಯಾಕೆ ಹೊಡೀತಿದ್ದಾನೆ ಪಾಪ...

ಏನು? ಅವನಿಗಿನ್ನೂ ಹೇಳೇ ಇಲ್ವಾ?... ಅವನಿಗೆ ಹೇಳೋಕೆ ಮುಂಚೆ ಹಾಸಿಗೆ ಕೇಳ್ಕೊಂಡು ನನಗೆ ಫೋನ್ ಮಾಡಿದ್ಯಾ?...

ಇಲ್ಲ. ನಾನು ಹೇಳಲ್ಲ. ಮ್ಯಾನೇಜರ್ ಆದೋನು ಹುಡುಗನ್ನ ತನ್ನ ಕೋಣೆಗೆ ಕರೆದು, ಬಾಗಿಲು ಹಾಕ್ಕೊಂಡು, ಮುಖ ನೋಡಿ ಹೇಳ್ಬೇಕು. ನಿಮ್ಮಲ್ಲಿ ಅದೇ ಪದ್ಧತಿ ಅಲ್ವಾ?... ನಮ್ಮಿಬ್ರದು ಹಳೇ ಗುರುತಾ? ಹಳೇ ಗುರುತು ಅಂತ ನನ್ನ ಕೈಲಿ ಹೇಳಿಸ್ತೀಯಾ?...

ತಾಳು, ಒಳಗೆ ಬರ್ತಿದ್ದಾನೆ... ಏನು ಮಗಾ?... ಹೌದಾ? ಕೈ ಕುದುರ್ತಾ?... ಒಳ್ಳೇದಾಯ್ತು ಕಣೋ. ಕೂತ್ಕೋ, ಮೊಟ್ಟೆ ಹುರೀತೀನಿ...

ಕೇಳಿಸ್ತಾ ಡೆಲ್? ಕೈ ಕುದುರಿದೆಯಂತೆ. ನಗ್ತಿದ್ದಾನೆ... ಫೋನ್ ಅವನ ಕೈಗೆ ಕೊಡ್ತೀನಿ, ನೀನೇ ಹೇಳು... ಹೂಂ ಕ್ಲೇಟನ್, ನಿಮ್ಮ ಮ್ಯಾನೇಜರ್‌ದೇ ಫೋನು. ಬಾ, ತಗೋ... ಬೇಡ, ಡೆಲ್, ಫೋನ್ ಇಡ್ಬೇಡ...

ಹಲೋ?... ಡೆಲ್?... ಹಲೋ...