ಗಿಡ್ಡ ಪಿನ್ನು

ದೀಪ ಆರಿಸಬೇಡಿ, ಹಾಗೇ ಇರಲಿ. ಹೇಳ್ತೀನಿ. ಆದ್ರೆ ನಡುವೆ ಯಾರಾದ್ರೂ ಕಿಸಕ್ ಅಂದ್ರೋ, ಎದ್ದು ಹೋಗ್ತೀನಿ. ನನ್ನ ಸಿಟ್ಟು ನಿಮಗೆ ಗೊತ್ತಲ್ಲ.

ಅವತ್ತು ರಾತ್ರಿ ಹತ್ತು ದಾಟಿತ್ತು. ನಾನು, ನಮ್ಮ ದೊಡ್ಡಮ್ಮನ ಮಗ ಅಣ್ಣ, ಇಬ್ಬರೇ ಮನೆ ಕಡೆ ಹೊರಟಿದ್ವಿ. ಅಣ್ಣ ಶೂಟಿಂಗ್ ಕ್ಲಬ್ಬಲ್ಲಿ ಪಿಸ್ತೂಲು ರಿಪೇರಿ ಮಾಡೋನು. ನಾನು ಅಲ್ಲೇ ಕಾವಲಿಗಿದ್ದೆ, ಬೀಗದ ಕೈಯೆಲ್ಲ ನನ್ನ ಹತ್ರ. ಕ್ಲಬ್ಬಿನ ಹಿಂದೆ ಒಂದು ಹಳೇ ಬಾವಿ. ಅದರ ಪಕ್ಕ ಬಂದಾಗ ಅಣ್ಣ ಗಕ್ಕನೆ ನಿಂತ.

“ಕೇಳಿಸ್ತೇನೋ?”

ಕೇಳಿಸ್ತು. ಸರ್... ಸರ್... ಸರ್... ಕಬ್ಬಿಣದ ಮೇಲೆ ಅರ ಉಜ್ಜೋ ಸದ್ದು. ಬಾವಿ ಒಳಗಿಂದ.

“ಕಪ್ಪೆ ಇರಬೇಕು,” ಅಂದೆ.

“ಕಪ್ಪೆ ಕೈಗೆ ಅರ ಕೊಟ್ಟೋರು ಯಾರೋ?”

ಬೇರೆ ದಿನ ಆಗಿದ್ರೆ ನಗ್ತಿದ್ದೆ. ಆ ಬಾವಿಗೆ ಬಿದ್ದು ಅರದಜ್ಜ ಸತ್ತು ಮೂರು ತಿಂಗಳಾಗಿತ್ತು. ಅಣ್ಣನಿಗೆ ಕೆಲಸ ಕಲಿಸಿದ ಮುದುಕ. ಯಾವಾಗ ನೋಡಿದ್ರೂ ಕೈಲಿ ಅರ, ಅದಕ್ಕೇ ಆ ಹೆಸರು. ಹೆಣ ಸಿಕ್ತು. ಕೈಲಿದ್ದ ಅರ ಸಿಗಲೇ ಇಲ್ಲ.

ಸಾಯೋ ಮುಂಚೆ ಅಜ್ಜ ಅಣ್ಣನ ಮಗಳಿಗೆ ಒಂದು ಪಿಸ್ತೂಲು ಕೊಟ್ಟಿದ್ದ. ಮರದ ಹಿಡಿಯನ್ನ ಅವಳ ಅಂಗೈ ಅಳತೆಗೇ ಕೆತ್ತಿದ್ದ. “ಇದು ಹಿಡಿದು ನಿಂತು ಕೈ ಪಳಗಿಸೋಕೆ ಮಾತ್ರ ಮಗಳೇ. ಗುಂಡು ಹಾರಿಸೋಕಲ್ಲ,” ಅಂದಿದ್ದ. ಯಾಕೆ ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಷ್ಟರಲ್ಲಿ ಶೂಟಿಂಗ್ ತಂಡದ ಆಯ್ಕೆ ಹತ್ರ ಬಂತು. ನಾಲ್ಕು ವರ್ಷ ಅದಕ್ಕಾಗೇ ಬೆವರು ಸುರಿಸಿದ ಹುಡುಗಿ. ಅಜ್ಜನ ಹಿಡಿ ರೂಢಿಯಾದ ಮೇಲೆ ಬೇರೆ ಪಿಸ್ತೂಲು ಅವಳ ಕೈಗೆ ಕೂರಲ್ಲ. “ಅಪ್ಪಾ, ಇದನ್ನೇ ಸರಿ ಮಾಡಿಕೊಡು” ಅಂತ ಹಠ.

ಟ್ರಿಗರ್ ಎಳೆದ್ರೆ ಟಕ್ ಅನ್ನೋದು, ಅಷ್ಟೇ. ಗುಂಡು ಹಾರ್ತಿರಲಿಲ್ಲ. ಅಣ್ಣ ಜಿಡ್ಡು ತೆಗೆದ, ಬೇರೆ ತೋಟಾ ಹಾಕಿ ನೋಡಿದ, ಸ್ಪ್ರಿಂಗ್ ಬದಲಿಸಿದ. ಊಹೂಂ. ಕೊನೆಗೆ ಪಿನ್ನು ಹೊರಗೆ ತೆಗೆದು ಅಳೆದ. ತೋಟಾಕ್ಕೆ ಕುಟ್ಟಿ ಗುಂಡು ಹಾರಿಸೋ ತುದಿ ಗಿಡ್ಡ! ಯಾರೋ ಅರ ಹಾಕಿ ತೇದಿದ್ದಾರೆ. “ಅಜ್ಜನಿಗೆ ವಯಸ್ಸಾಗಿತ್ತು ಬಿಡು, ಕೆಲಸ ಕೆಡಿಸಿದಾನೆ,” ಅಂತ ಬೀಗಿದ. ಹೊಸ ಪಿನ್ನು ಹಾಕಿದ. ಐದು ತೋಟಾ ಹಾರಿಸಿದ್ವಿ, ಐದೂ ಸರಿ.

ಮಾರನೇ ಬೆಳಿಗ್ಗೆ ನೋಡಿದ್ರೆ... ಮತ್ತೆ ಟಕ್. ಹೊಸ ಪಿನ್ನೂ ಗಿಡ್ಡ. ಮೇಜಿನ ಮೇಲೆ ಹೊಳೆಯೋ ಕಬ್ಬಿಣದ ಪುಡಿ. ಕೋಣೆಗೆ ಹಾಕಿದ್ದ ಬೀಗ ಹಾಕಿದ ಹಾಗೇ ಇತ್ತು. ಅಣ್ಣ ನನ್ನನ್ನೇ ಗುರಾಯಿಸಿದ. ನಾನು ಮಕ್ಕಳ ಮೇಲೆ ಆಣೆ ಹಾಕಿದೆ. ಬೈಕೊಂಡು ಇನ್ನೊಂದು ಪಿನ್ನು ಹಾಕಿದ. ಇದ್ದದ್ದು ಅದೊಂದೇ. ಬೆಳಗಾದ್ರೆ ಆಯ್ಕೆ. ಬಾವಿ ಹತ್ರ ನಿಂತಿದ್ದು ಅವತ್ತೇ ರಾತ್ರಿ.

ಅಣ್ಣ ಬಗ್ಗಿ, “ಅಜ್ಜಾ... ಇದೊಂದಿನ ಸುಮ್ನಿರು. ಮಗಳ ಬಾಳು,” ಅಂತ ಪಿಸುಗುಟ್ಟಿದ.

ಸದ್ದು ನಿಂತಿತು. ಆಮೇಲೆ... ಸರ್‌ಸರ್‌ಸರ್‌ಸರ್... ಇನ್ನೂ ಜೋರು!

ನಾನು ಅಣ್ಣನ ತೋಳು ಹಿಡಿದು ಎಳೆದೆ. “ಅಣ್ಣಾ, ಪಿಸ್ತೂಲನ್ನ ಇಲ್ಲಿ ಬಿಡಬೇಡ. ಮನೆಗೆ ತಗೊಂಡು ಹೋಗು,” ಅಂದೆ. ಹೌದು, ಅಂದಿದ್ದು ನಾನೇ. ಕ್ಲಬ್ಬಿನ ನಿಯಮದ ಪ್ರಕಾರ ಮನೆಗೆ ಒಯ್ಯೋ ಹಾಗಿರಲಿಲ್ಲ. ಓಡಿ ಹೋಗಿ ಬೀಗ ತೆಗೆದುಕೊಟ್ಟಿದ್ದೂ ನಾನೇ. ನನ್ನ ನಾಲಿಗೆ ಸೇದಿಹೋಗಲಿ.

ಆ ರಾತ್ರಿ ಅತ್ತಿಗೆಗೆ ನಿದ್ದೆ ಇಲ್ಲ. ಬಾಗಿಲ ಹತ್ರ ಸರ್... ಸರ್... “ರೀ, ಏನೋ ಸದ್ದು.” “ಇಲಿ ಕಣೇ, ಮಲಕ್ಕೋ.” ಪಿಸ್ತೂಲು ಅಣ್ಣನ ತಲೆದಿಂಬಿನ ಕೆಳಗೆ. ಬೆಳಿಗ್ಗೆ ಮೊದಲು ಪಿನ್ನು ಅಳೆದ. ಒಂದು ಕೂದಲಷ್ಟೂ ಸವೆದಿರಲಿಲ್ಲ. ಕುಣಿದಾಡಿಬಿಟ್ಟನಂತೆ.

ಕ್ಲಬ್ಬಲ್ಲಿ ಮಗಳು ತೋಟಾ ತುಂಬ್ತಿದ್ಲು. ಒಂದು ತೋಟಾ ಜಾರಿ, ನಿಂತು ಗುಂಡು ಹಾರಿಸೋ ಗೆರೆಯಾಚೆ ಉರುಳಿತು. ಎತ್ಕೊಳ್ಳೋಕೆ ಅಣ್ಣ ಗೆರೆ ದಾಟಿ ಬಗ್ಗಿದ. ಮೂವತ್ತು ವರ್ಷ ಬೇರೆಯವರಿಗೆ “ಗೆರೆ ದಾಟಬೇಡಿ” ಅಂತ ಬೈದೋನು! ಅವಳು ನೋಡಲಿಲ್ಲ. ಪಿಸ್ತೂಲಿನ ಮೇಲಿನ ಸ್ಲೈಡ್ ಹಿಂದಕ್ಕೆಳೆದು ಬಿಟ್ಟಳು. ಕ್ಳಕ್... ಫಟ್!

ಅವಳ ಬೆರಳು ಟ್ರಿಗರ್ ಮೇಲೆ ಇರಲಿಲ್ಲ. ನಾನು ನೋಡ್ತಿದ್ದೆ. ಎಲ್ಲಿ ಬೇಕಾದ್ರೂ ಹೇಳ್ತೀನಿ, ಪೊಲೀಸರಿಗೂ ಅದನ್ನೇ ಹೇಳಿದೆ. ಅಣ್ಣ “ಅರೆ” ಅಂದ. ಅಷ್ಟೇ ಅಂದಿದ್ದು.

ಆಮೇಲೆ ಬೇರೆ ರಿಪೇರಿಯವನು ಪಿಸ್ತೂಲು ಬಿಚ್ಚಿ ತೋರಿಸಿದ. ಟ್ರಿಗರ್ ಎಳೆಯೋ ತನಕ ಪಿನ್ನನ್ನ ತಡೆದು ಹಿಡಿಯೋ ಒಂದು ಕೊಕ್ಕೆ ಇರುತ್ತೆ. ಅದರ ಅಂಚು ಸವೆದಿತ್ತು. ಸ್ಲೈಡ್ ಬಡಿದಾಗ ಒಮ್ಮೊಮ್ಮೆ ಅದಾಗೇ ಜಾರೋದು. ಪಿನ್ನು ಗಿಡ್ಡ ಇದ್ದಿದ್ರೆ ಜಾರಿದ್ರೂ ಬರೀ ಟಕ್ ಅನ್ನೋದು. ಅಜ್ಜನಿಗೆ ಗೊತ್ತಿತ್ತು... ನಮಗೆ ಪಿನ್ನು ಬಿಟ್ರೆ ಬೇರೆ ಏನೂ ಕಾಣಲಿಲ್ಲ.

ಆ ಹುಡುಗಿ ಈಗ ಪಿಸ್ತೂಲು ಮುಟ್ಟಲ್ಲ. ಊಟದ ತಟ್ಟೆ ಮುಂದೆ ಅಂಗೈ ಬಿಚ್ಚಿ ನೋಡ್ತಾ ಕೂರ್ತಾಳೆ. ನನ್ನಿಂದ ಅದನ್ನ ನೋಡೋಕಾಗಲ್ಲ.

ಅಣ್ಣನ ಹೆಣ ಮನೆಗೆ ತಂದ ದಿನ ಜನ ಬರ್ತಾರೆ ಅಂತ ಎರಡೂ ಕದ ತೆಗೆದಿಡೋಕೆ ಹೋದೆ. ಒಳಗಿನ ಕಬ್ಬಿಣದ ಚಿಲಕ ಕೈಗೆ ಚುಚ್ಚಿತು. ಕದಗಳ ಸಂದಿಗೆ ಸರಿಯಾಗಿ, ಹೊರಗಡೆಯಿಂದ ಅರ ಹಾಕಿ ತೇದಿತ್ತು. ಬೆರಳು ದಪ್ಪದ ಚಿಲಕ. ಕಡ್ಡಿಯಷ್ಟು ಮಾತ್ರ ಉಳಿದಿತ್ತು. ಅದೂ ಸವೆದಿದ್ರೆ ಆ ರಾತ್ರಿ ಅಜ್ಜ ಒಳಗೆ ಬಂದಿರ್ತಿದ್ದ. ಹೊಸ್ತಿಲ ಮೇಲೆ ಕಬ್ಬಿಣದ ಪುಡಿ, ಇನ್ನೂ ಒದ್ದೆ.

ಸುಳ್ಳು ಅನ್ನೋರು ಏಳಿ, ಈಗಲೇ ಹೋಗೋಣ. ಅತ್ತಿಗೆ ಆ ಚಿಲಕ ಬದಲಿಸೋಕೆ ಬಿಟ್ಟಿಲ್ಲ.