ಉದುರಿದ ಗರಿ

ಮೂಡಬಿದಿರೆ ಬಸ್ಸಿಗೆ ಮಡಂತ್ಯಾರಿನಲ್ಲಿ ಕಾಯುತ್ತಿದ್ದ ವಾಗ್ದೇವಿಯಮ್ಮನ ತುಟಿಯಲ್ಲಿ ರೆಕ್ಕೆ ಕಡಿಸಿಕೊಂಡ ಜಟಾಯುವಿನ ಪದ್ಯ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಗೊಂಬೆಯಾಟದ ಶಂಭು ಶೆಟ್ಟರ ಮಡಿಲಲ್ಲಿದ್ದ ಮಂಗಟ್ಟೆ ಹಕ್ಕಿಯ ಗೊಂಬೆಗೆ ರೆಕ್ಕೆಯೇ ಇರಲಿಲ್ಲ. ಶೆಟ್ಟರ ತಂಗಿಯ ಮಗಳು ಕುಸುಮ ಚೀಲ ಬಿಚ್ಚಿದಳು.

“ಕಕ್ಕಿಂಜೆಯಿಂದ ಗರಿ ತಂದೆ ಮಾವ. ಬಸ್ಸು ಬರುವುದರೊಳಗೆ ಕಟ್ಟುವ.”

“ಇಷ್ಟೊಂದಾ? ವರ್ಷವಿಡೀ ಮರದಡಿ ಹೆಕ್ಕಿದರೂ ನನಗೆ ನಾಲ್ಕು ಸಿಗುವುದಿಲ್ಲ ಮಾರಾಯ್ತಿ.”

“ಅಲ್ಲಿ ಗೂಡಿದ್ದ ಮರ ಕಡಿದರು. ಪೊಟರೆಯೊಳಗೆ ಹೆಣ್ಣು ಹಕ್ಕಿ ಮಣ್ಣಿನಿಂದ ಬಾಗಿಲು ಮೆತ್ತಿಕೊಂಡು ಮೊಟ್ಟೆಗೆ ಕೂತಿತ್ತಂತೆ. ಸತ್ತ ಅದರದ್ದೇ ಗರಿ ಇದು.”

ಶೆಟ್ಟರು ಗರಿಗಳನ್ನು ತಿರುಗಿ ಚೀಲಕ್ಕೆ ಹಾಕಿದರು.

“ತಾನಾಗಿ ಉದುರಿದ್ದನ್ನು ಮಾತ್ರ ಕಟ್ಟುವುದು. ಅಜ್ಜನ ಕಾಲದಿಂದ ಹಾಗೆ.”

“ಅಜ್ಜನ ಕಾಲದಲ್ಲಿ ಕಾಡಿತ್ತು.”

“ಗಂಡು ಹಕ್ಕಿ ಉಂಟಾ?”

“ಮೂರು ದಿನ ಹಣ್ಣು ಕಚ್ಚಿಕೊಂಡು ಆ ಬುಡದ ಸುತ್ತ ಹಾರಿತಂತೆ. ಮತ್ತೆ ಕಾಣಲಿಲ್ಲ.”

ಕುಸುಮ ಚೀಲವನ್ನು ಬೆಂಚಿನ ಮೇಲಿಟ್ಟಳು.

“ನಮ್ಮ ಆಟದ ಕೊನೆಗೆ ರಾಣಿ ಹಕ್ಕಿ ಪೊಟರೆಯಿಂದ ಹೊರಗೆ ಬಂದು ಹಾರಬೇಕಲ್ಲ ಮಾವ? ಬೆಳ್ತಂಗಡಿ ಶಾಲೆಯಲ್ಲಿ ಮಕ್ಕಳು ಕಾಯ್ತಾರೆ.”

“ಪೊಟರೆಯ ಬಾಗಿಲಿನವರೆಗೆ ಆಡುವ. ಅಲ್ಲಿಗೇ ಪರದೆ ಹಾಕುವ.”

“ಮಕ್ಕಳು ಕೇಳಿದರೆ?”

“ರಾಣಿ ಒಳಗೇ ಇದ್ದಾಳೆ ಅಂತ ಹೇಳು. ಸುಳ್ಳೇನಲ್ಲ.”

ಬೆಳ್ತಂಗಡಿ ಬಸ್ಸು ಬಂತು. ಶೆಟ್ಟರು ಗೊಂಬೆಯನ್ನೆತ್ತಿಕೊಂಡು ಹತ್ತಿದರು. ಕುಸುಮ ವಾಗ್ದೇವಿಯಮ್ಮನ ಪಕ್ಕ ಬೆಂಚಿನ ಮೇಲಿದ್ದ ಗರಿಯ ಚೀಲವನ್ನು ತಿರುಗಿ ನೋಡಿದಳು, ತೆಗೆದುಕೊಳ್ಳಲಿಲ್ಲ.