ಅಮಾಸೆಗೆ ಬಂದ ಆಫೀಸರು

ತಮಿಳು ಸೀಮೆಯ ಸೂಲೂರಿನ ಬಸ್ಸು ನಿಲ್ದಾಣದಲ್ಲಿ ಗುಮಾಸ್ತ ಶೇಷಗಿರಿಯ ಕಿವಿಗೆ ಕನ್ನಡ ಬಿತ್ತು. ಪಕ್ಕದ ಕಲ್ಲುಬೆಂಚಿನಲ್ಲಿ ಸೋಮನೂರಿನ ಚೌಡಮ್ಮ, ತಮ್ಮ ಬೀದಿಯವರು ನೇಕಾರರ ಸಂಘಕ್ಕೆ ಸೇರಿದ ಕಥೆಯನ್ನು ನಾದಿನಿಗೆ ಹೇಳುತ್ತಿದ್ದಳು. ಐವತ್ತಮೂರನೇ ಇಸವಿಯಿಂದ ಆ ಸಂಘದ ಸುತ್ತೋಲೆಗಳನ್ನೆಲ್ಲ ಟೈಪು ಮಾಡಿದವನು ಶೇಷಗಿರಿಯೇ. ಅವನು ಪತ್ರಿಕೆಯನ್ನು ಮಡಿಸಿಟ್ಟ.

“ಮೊದಲಿನ ಆಫೀಸರು ಜೀಪಲ್ಲಿ ಬಂದು, ಸಂಘಕ್ಕೆ ಸೇರಿ ಅಂತ ಕಾಗದ ಓದಿ ಮೈಕಲ್ಲಿ ಕೂಗಿದ್ರು. ಒಬ್ಬರೂ ಮಗ್ಗ ಬಿಟ್ಟು ಏಳಲಿಲ್ಲ.”

“ನೆಯ್ಯೋ ಹೊತ್ತಲ್ಲಿ ಯಾರು ಏಳ್ತಾರೆ ಅತ್ತಿಗೆ?”

“ಆಸಕ್ತಿ ಇಲ್ಲದ ಜನ ಅಂತ ಬರ್ಕೊಂಡು ಹೋದ್ರು.”

ಆ ಸಾಲನ್ನು ಟೈಪು ಮಾಡಿದ್ದು ಶೇಷಗಿರಿಗೆ ನೆನಪಿತ್ತು.

“ಈ ಆಫೀಸರು ಮೊದಲು ಎಲೆ ಅಡಿಕೆ ಮಾರೋ ವೆತ್ತಲೆ ಅಂಗಡೀಲಿ ವಿಚಾರಿಸಿದ್ರಂತೆ, ಇವರ ಮಗ್ಗ ಯಾವತ್ತು ನಿಲ್ಲುತ್ತೆ ಅಂತ.”

“ಸರ್ಕಾರದವರು ನಮ್ಮನ್ನ ವಿಚಾರಿಸಿದ್ರಾ?”

“ವಿಚಾರಿಸಿ, ಮಗ್ಗ ನಿಲ್ಲೋ ಅಮಾಸೆ ದಿನ ನಡ್ಕೊಂಡು ಬಂದ್ರು. ನಾವು ಮಗ್ಗಕ್ಕೆ ಪೂಜೆ ಮಾಡ್ತಿದ್ವಿ. ಮುಗಿಯೋವರೆಗೂ ಚಪ್ಪಲಿ ಬಿಟ್ಟು ಬಾಗಿಲ ಹೊರಗಿನ ತಿಣ್ಣೆ ಮೇಲೆ ಕೂತಿದ್ರು. ಆಮೇಲೇ ಮಾತು.”

“ಹೊಸದೇನಾದ್ರೂ ಹೇಳಿದ್ರಾ?”

“ಇಲ್ಲ, ಮೊದಲಿನವರು ಓದಿದ್ದ ಅದೇ ಕಾಗದ. ಒಂದಕ್ಷರ ಬದಲಿಲ್ಲ. ಆವತ್ತು ಬೀದಿಗೆ ಬೀದಿಯೇ ಸಂಘಕ್ಕೆ ಸೇರ್ತು. ನಿಮ್ಮಣ್ಣನೇ ಮೊದಲು ಹೆಬ್ಬೆಟ್ಟು ಒತ್ತಿದ್ದು.”

ನಾದಿನಿ ಕಣ್ಣರಳಿಸಿ ಅತ್ತಿಗೆಯನ್ನೇ ನೋಡಿದಳು. ಬಸ್ಸು ಬಂದು ನಿಂತದ್ದು ಶೇಷಗಿರಿಗೂ ತಿಳಿಯಲಿಲ್ಲ. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿದರು.

“ಅಂಥ ಪುಣ್ಯಾತ್ಮರ ಹೆಸರೇನು ಅತ್ತಿಗೆ?”

ಬಸ್ಸು ಕದಲಿತು. ಕಿಟಕಿಯೊಳಗಿಂದ ಚೌಡಮ್ಮನ ದನಿ ಸಣ್ಣಗೆ ಬಂತು.

“ನಾವು ಯಾರೂ ವಿಚಾರಿಸಲೇ ಇಲ್ಲ ನೋಡು.”